ಡಬ್ಬಿ ಇಡುವ ಮೊದಲು

ಅಲ್ಲಿ ಯಾರಾದರೂ ನನ್ನನ್ನೇ ಏನಾದರೂ ಕೇಳಿಬಿಟ್ಟರೆ? ಬಸ್ಸಿಳಿಯುವಾಗ ನನಗಿರುವ ಚಿಂತೆ ಇದೊಂದೇ. ಪತ್ರಿಕೆಯ ಲೇಖನಕ್ಕೆ ಬೇಕಾದ ಪ್ರಶ್ನೆಗಳನ್ನು ಬರೆದುಕೊಂಡೇ ಬಂದಿದ್ದೇನೆ, ಕೇಳಬಲ್ಲೆ. ನಾಲ್ಕು ಜನರೆದುರು ಉತ್ತರ ಹೇಳುವುದು ಮಾತ್ರ ನನಗೆ ಆಗದು.

ಜೀಡಿಮೆಟ್ಲಾದಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಔಷಧಿ ಕಾರ್ಖಾನೆಗಳ ಘಾಟು ಗಾಳಿಯಲ್ಲಿದೆ. ಕಾರ್ಮಿಕರ ಬಸ್ತಿಯ ಸಮುದಾಯ ಭವನದಲ್ಲಿ, ಇಲ್ಲಿ ಪಾಠ ಹೇಳುವ ಸುಮಂಗಲಾ ಚಾಪೆ ಹಾಸಿ, ಹಳೆಯ ಲ್ಯಾಪ್‌ಟಾಪಿನ ಪರದೆಯನ್ನು ಸೆರಗಿನಿಂದ ಒರೆಸುತ್ತಿದ್ದಾರೆ. ತರಗತಿ ಮುಗಿದೊಡನೆ ಅವರು ಮಾತ್ರೆ ಪ್ಯಾಕಿಂಗ್ ಮಾಡುವ ಪಾಳಿಗೆ ಓಡಬೇಕು. ಸುತ್ತ ಕುಳಿತವರು ಯಾದಗಿರಿ, ರಾಯಚೂರು ಕಡೆಯಿಂದ ಈ ತೆಲುಗು ನಗರಕ್ಕೆ ದುಡಿಯಲು ಬಂದವರ ಮಕ್ಕಳು. ಇಲ್ಲಿ ನಡೆಯುವುದು ಒಂದೇ ಪಾಠ: ಇಂಟರ್ನೆಟ್ಟಿನಲ್ಲಿ ಹುಡುಕುವುದು, ಸಿಕ್ಕಿದ್ದನ್ನು ನಂಬಬಹುದೇ ಎಂದು ನೋಡುವುದು.

“ಫೋನ್ ಎಲ್ಲಾರ ಕೈಯಾಗೂ ಐತ್ರಿ. ಹುಡುಕೋದು ಯಾರೂ ಕಲಸಂಗಿಲ್ಲ” ಎನ್ನುತ್ತಾರೆ ಸುಮಂಗಲಾ.

ಅವರು ಅದನ್ನು ಕಲಿತದ್ದು ಅಡ್ಡಾದಲ್ಲಿ, ಕೂಲಿಯವರು ಮುಂಜಾನೆ ಕೆಲಸಕ್ಕೆ ಕಾದು ನಿಲ್ಲುವ ಚೌಕದಲ್ಲಿ. ತಾಯಿ ಅಲ್ಲಿ ನಿಂತೇ ಮಗಳನ್ನು ಓದಿಸಿದವರು. “ಮೇಸ್ತ್ರಿ ಗಾಡಿ ಬಂದ ಕೂಡ್ಲೆ ನಮ್ಮವ್ವ ಹತ್ತಾಕಿ ಅಲ್ರಿ. ಊಟದ ಡಬ್ಬಿ ಗಾಡ್ಯಾಗ ಇಟ್ರ ಮುಗೀತು, ಮಾತು ಕೊಟ್ಟಂಗ. ಅದಕ್ಕ ಡಬ್ಬಿ ಬಗಲಾಗ ಹಿಡಕೊಂಡ ಕೇಳಾಕಿ: ಕರ್ಯಾಕತ್ತಾವ ಯಾರು? ಎಂದಿನಿಂದ ಕೆಲಸ ನಡಸ್ಯಾನ? ಅಲ್ಲಿ ಹೋಗಿ ಬಂದಾರು ಯಾರದಾರ?”

ಈ ಮೂರು ಪ್ರಶ್ನೆಗಳೇ ತರಗತಿಯ ಪಠ್ಯ. ಪುಟ ತೆರೆದೊಡನೆ ಯಾರಾದರೂ ಅವಸರದಲ್ಲಿ ಒತ್ತಲು ಹೋದರೆ ಉಳಿದವರು ಕೂಗುತ್ತಾರೆ: “ಏಯ್, ಡಬ್ಬಿ ಇಡಬ್ಯಾಡ!”

ನಿಮ್ಮ ಆಸೆ ಏನು ಎಂದು ಮೆಲ್ಲಗೆ ಕೇಳುತ್ತೇನೆ. “ನಾ ಇಲ್ಲದಾಗೂ ಇವ್ರು ಹಿಂಗ ಕೇಳಬೇಕ್ರಿ. ಅಷ್ಟ.”

ಇವತ್ತು ಡಬ್ಬಿ ಇಡಬೇಕೋ ಬೇಡವೋ ಎಂಬ ಪ್ರಶ್ನೆ ಪ್ರೇಮಾಳದು. ಇಂಟರ್, ಅಂದರೆ ಇಲ್ಲಿನ ಪಿಯುಸಿ, ಮುಗಿದಿದೆ, ನರ್ಸಿಂಗ್ ಓದಬೇಕು. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದ ಕಾಲೇಜಿಗೆ ಸೇರಲು ಇವತ್ತೇ ಕೊನೆಯ ದಿನ. ದಿಲ್‌ಸುಖ್‌ನಗರದಲ್ಲಿರುವ ಕಾಲೇಜಿನ ಕಚೇರಿಗೆ ಮೂಲ ಅಂಕಪಟ್ಟಿಗಳನ್ನೇ ಕೊಟ್ಟುಬರಬೇಕಂತೆ. ರಾತ್ರಿ ಪಾಳಿಯಿಂದ ನೇರ ಬಂದ ತಂದೆ ಅಮರೇಶಪ್ಪ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತಿದ್ದಾರೆ.

“ಮೊದಲ್ನೇದ ಬಂದೈತಿ ಅಂದ್ರ ದೊಡ್ಡ ಕಾಲೇಜ ಇರಬೇಕಲ್ರೀ ಅಕ್ಕೋರ?”

“ಅಡ್ಡಾದಾಗ ಮೊದಲು ಬಂದು ಜೋರಾಗಿ ಒದರಾವ ಒಳ್ಳೆ ಮೇಸ್ತ್ರಿ ಏನಣ್ಣ? ಸಣ್ಣಗ ‘ಸ್ಪಾನ್ಸರ್ಡ್’ ಅಂತ ಬರದೈತಿ ನೋಡ್ರಿ. ರೊಕ್ಕ ಕೊಟ್ಟು ಮುಂದ ನಿಂತಾರ.”

“ನಮ್ಮ ಮಾಮಾನೂ ಎಲ್ಲಾರ ಮದುವಿ ಫೋಟೋದಾಗ ಮುಂದ ನಿಂದರ್ತಾನ್ರಿ. ಅವನೂ ಸ್ಪಾನ್ಸರ್ಡ?” ಎನ್ನುತ್ತಾಳೆ ಲಹರಿ, ತರಗತಿಯ ವಾಚಾಳಿ. ಚಾಪೆಯ ಮೇಲೆ ನಗು ಹಬ್ಬುತ್ತದೆ. ಪ್ರೇಮಾ ನಗುವುದಿಲ್ಲ.

ಕರೆಯುತ್ತಿರುವವರು ಯಾರು? ಪುಟದಲ್ಲಿ ಒಂದು ಮೊಬೈಲ್ ನಂಬರು ಬಿಟ್ಟರೆ ಯಾರ ಹೆಸರೂ ಇಲ್ಲ. ಎಂದಿನಿಂದ? ಬಹುಕಾಲದ ಸಂಸ್ಥೆ ಎಂದಿದೆ. ಬೇರೆಯವರು ಅದರ ಬಗ್ಗೆ ಬರೆದ ಒಂದು ಸಾಲೂ ಎಲ್ಲೂ ಸಿಗುವುದಿಲ್ಲ. ನರ್ಸಿಂಗ್ ಕಾಲೇಜುಗಳ ಸರ್ಕಾರಿ ಪಟ್ಟಿಯಲ್ಲೂ ಅದರ ಹೆಸರಿಲ್ಲ.

“ಆ ಪಟ್ಟಿ ಹಳೇದಂತ, ಕಾಲೇಜಿನಾರ ಫೋನಿನ್ಯಾಗ ಅಂದ್ರು.” ಅಮರೇಶಪ್ಪ ಬಿಡುವುದಿಲ್ಲ. “ಹಿಂಗ ಅನುಮಾನ ಪಡಕೋತ ಕುಂತ್ರ ಮಗಳ ಸೀಟ ಹೋತು. ಫೋಟೋದಾಗ ಎಂಥಾ ಬಿಲ್ಡಿಂಗ ಐತಿ ನೋಡ್ರಿ! ಇಲ್ಲದ್ದು ತೋರಸ್ತಾರೇನು? ನಡಿ ಪ್ರೇಮಾ.”

ಅಂಕಪಟ್ಟಿಗಳ ಪ್ಲಾಸ್ಟಿಕ್ ಚೀಲವನ್ನು ಎದೆಗೊತ್ತಿಕೊಂಡು ಪ್ರೇಮಾ ಎದ್ದು ನಿಲ್ಲುತ್ತಾಳೆ.

“ಬಿಲ್ಡಿಂಗ ಐತಣ್ಣ, ನಾ ಇಲ್ಲ ಅನ್ನಂಗಿಲ್ಲ.” ಸುಮಂಗಲಾ ದನಿ ಏರಿಸುವುದಿಲ್ಲ. ಚಿತ್ರವನ್ನು ಪರದೆಯ ತುಂಬ ದೊಡ್ಡದು ಮಾಡುತ್ತಾರೆ. “ಅಲ್ಲಿ ಹೋಗಿ ಬಂದಾರು ಯಾರು?”

ನನ್ನ ಪೆನ್ನು ನಿಲ್ಲುತ್ತದೆ. ನರ್ಸಿಂಗ್ ಕಾಲೇಜೆಂದು ಹೊಳೆಯುವ ಬೋರ್ಡಿನ ಕೆಳಗೆ, ಒಂದೇ ಕಡೆ ಕಂಬಿಯಿರುವ ಮೆಟ್ಟಿಲು. ಅದರ ಪಕ್ಕ ಮೂಲೆ ಒಡೆದ ನೀರಿನ ತೊಟ್ಟಿ. ಕಾಲೇಜು ಓದಿದಷ್ಟು ವರ್ಷವೂ ಆ ಮೆಟ್ಟಿಲ ಕೆಳಗೆ ಕುಳಿತು ನಾನು ಒಬ್ಬಳೇ ಊಟ ಮಾಡಿದ್ದೇನೆ.

ಅಪ್ಪ ಮಗಳು ಆಗಲೇ ಹೊಸ್ತಿಲ ಹತ್ತಿರ ಇದ್ದಾರೆ. ನಾಲ್ಕು ಜನರೆದುರು ಉತ್ತರ ಹೇಳುವುದು ಈಗಲೂ ಕಷ್ಟವೇ. ಆದರೂ ಕೈ ಎತ್ತುತ್ತೇನೆ.

“ಅಣ್ಣಾರ, ನಿಂದರ್ರಿ. ಅದು ಕೊಂಡಾಪುರದ ಕಡೆ ಇರೋ ಬಿ.ಕಾಂ. ಕಾಲೇಜು. ನರ್ಸಿಂಗ್ ಕಲಸಂಗಿಲ್ಲ. ಅಲ್ಲಿ ಹೋಗಿ ಬಂದಾಕಿ ನಾನ ಅದೀನಿ.”