ಸವೆದ ರಟ್ಟಿನ ಅಳತೆ

ಮೂವತ್ತಾರು ಚೌಕಗಳ ಕೂಲಿ ಇನ್ನೂ ಬಾಕಿ ಇದೆ. ಹೊಲಿದವಳು ಕೂದಲೆಳೆ ಅತ್ತೆ. ಕೊಡಬೇಕಾದವನು ಕೌದಿ ಕಾರ್ಖಾನೆಯ ಮಾಲೀಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಗೊತ್ತಿರಲಿಲ್ಲ ಅನ್ನಬಾರದು.

ಅತ್ತೆ ಹೊಲಿಯುವುದು ಹೊದೆಯುವ ಕೌದಿಯಲ್ಲ. ಗೋಡೆಗೆ ತೂಗುಹಾಕುವ ಪುಟಾಣಿ ಕೌದಿ. ಗೊಂಬೆ ಹೊದ್ದರೂ ಕಾಲು ಹೊರಗೆ ಬರುತ್ತದೆ. ಒಂದಿಂಚಿನ ಹದಿನಾರು ತುಂಡು ಸೇರಿ ಒಂದು ಚೌಕ. ಅಂಚಂಚಿಗೂ ಕಾಲಿಂಚು ಹೊಲಿಗೆಗೆ ಹೋಗಿ, ಕೊನೆಗೆ ಚೌಕ ಎರಡೂವರೆ ಇಂಚು ನಿಲ್ಲಬೇಕು. ಪಕ್ಕದ ಚೌಕಗಳಿಗೆ ಕೂಡಿಸಿದ ಮೇಲೆ ಅದರಲ್ಲಿ ಕಾಣುವುದು ಎರಡೇ ಇಂಚು. ದೊಡ್ಡ ಕೌದಿಯಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಯಾರಪ್ಪನ ಗಂಟೂ ಹೋಗುವುದಿಲ್ಲ. ಇಲ್ಲಿ ನಾಲ್ಕು ಸಾಲು ದಾಟುವಷ್ಟರಲ್ಲಿ ಆ ಕೂದಲೆಳೆ ಹಗ್ಗವಾಗಿರುತ್ತದೆ, ಮೂಲೆಗೆ ಮೂಲೆ ಕೂಡುವುದಿಲ್ಲ. ಅದಕ್ಕೇ ಅತ್ತೆ ಪ್ರತಿ ಹೊಲಿಗೆಯಾದ ಮೇಲೂ ಸ್ಟೀಲಿನ ಅಳತೆಪಟ್ಟಿ ಇಡುತ್ತಾಳೆ. ಇಸ್ತ್ರಿಪೆಟ್ಟಿಗೆಯನ್ನು ಎಳೆಯುವುದಿಲ್ಲ, ಎತ್ತಿ ಎತ್ತಿ ಒತ್ತುತ್ತಾಳೆ. ಎಳೆದರೆ ಬಟ್ಟೆ ಹಿಗ್ಗುತ್ತದೆ. ಕೂದಲೆಳೆ ಅತ್ತೆ ಎಂಬ ಹೆಸರು ಬಂದದ್ದು ಹಾಗೆ.

ಒಂದು ದಿನ ಅವಳ ಚೌಕ ಅಳತೆಗಿಂತ ಒಂದು ಕಾಳಿನಷ್ಟು ಚಿಕ್ಕದು ಬಂತು. ಬಿಚ್ಚಿ ಹೊಲಿದಳು, ಮತ್ತೆ ಚಿಕ್ಕದು. ಕೊನೆಗೆ, ತುಂಡು ಕತ್ತರಿಸಲು ಮೇಜಿನಿಂದ ಮೇಜಿಗೆ ಓಡಾಡುವ ರಟ್ಟಿನ ಅಚ್ಚನ್ನೇ ಅಳೆದಳು. ವರ್ಷಗಟ್ಟಲೆ ಕತ್ತರಿ ತಾಗಿ ತಾಗಿ ಅದರ ಅಂಚು ಸವೆದಿತ್ತು. ಮೇಸ್ತ್ರಿಗೆ ಹೇಳಿದರೆ, "ರಟ್ಟಿಗೂ ನಿನ್ನ ಹಾಗೆ ವಯಸ್ಸಾಗುತ್ತಾ?" ಎಂದು ನಕ್ಕ.

ಅತ್ತೆ ಡಬ್ಬದ ತಗಡು ಕತ್ತರಿಸಿ ಸರಿಯಾದ ಅಚ್ಚು ಮಾಡಿಕೊಂಡು ಮೂವತ್ತಾರು ಚೌಕ ಹೊಲಿದು ಕೊಟ್ಟಳು. ಉಳಿದವರ ಚೌಕಗಳ ಪಕ್ಕ ಇಟ್ಟರೆ ಕೂಡಲಿಲ್ಲ. ಮೇಸ್ತ್ರಿ ಅವನ್ನು ಅವಳ ಮುಂದೆ ಎಸೆದ.

"ಹತ್ತೊಂಬತ್ತು ಜನರದ್ದು ಒಂದೇ ಥರ ಇದೆ, ನಿಂದೊಂದೇ ಉಬ್ಬಿಕೊಂಡಿದೆ. ಕೈ ಕೆಟ್ಟಿದೆ ಕಣಮ್ಮ ನಿಂಗೆ."

"ಹತ್ತೊಂಬತ್ತು ಜನ ಒಟ್ಟಿಗೆ ತಪ್ಪಿದ್ರೆ ಅದು ಅಳತೆ ಆಗಿಬಿಡುತ್ತಾ? ತಪ್ಪು ಅವರದ್ದೂ ಅಲ್ಲ, ನೀನು ಕೊಟ್ಟ ರಟ್ಟಿಂದು."

"ಒಂಚೂರು ಒಳಗೆ ಹಿಡಿದು ಹೊಲಿದುಬಿಡು. ಕೂಲಿ ಬರೀತೀನಿ."

ಪಕ್ಕದ ಯಂತ್ರದಲ್ಲಿ ಹೊಲಿಯುವ ಅತ್ತೆಯ ನಾದಿನಿ ಅವಳ ತೋಳು ಜಗ್ಗಿದಳು. "ಮನೇಲಿ ಒಲೆ ಉರೀಬೇಕು ಅತ್ತಿಗೆ. ಹೊಲಿದು ಬಿಸಾಕಿ ಅತ್ಲಾಗೆ."

"ಹೊಲಿದ್ರೆ ಕೈ ಕೆಟ್ಟಿದೆ ಅಂತ ನಾನೇ ಒಪ್ಪಿಕೊಂಡ ಹಾಗೆ. ನಾಳೆ ಯಾವನು ಕೆಲಸ ಕೊಡ್ತಾನೆ? ಒಂದು ದಾರ ಬಿಚ್ಚಲ್ಲ ನಾನು."

ಅತ್ತೆ ಅಳತೆಪಟ್ಟಿಯನ್ನು ರಟ್ಟಿನ ಪಕ್ಕ ಇಟ್ಟಳು. ಹೆಂಗಸರು ಒಬ್ಬೊಬ್ಬರೇ ಎದ್ದು ಬಂದು ಬಗ್ಗಿ ನೋಡಿದರು. ತಮ್ಮ ಜಾಗಕ್ಕೆ ಹೋಗಿ ಕೂತರು, ಆದರೆ ಯಾರೂ ಯಂತ್ರ ತುಳಿಯಲಿಲ್ಲ. ಮೊದಲು ಕೈ ಕಟ್ಟಿ ಕೂತವಳು ನಾದಿನಿಯೇ. ಸಂಜೆಯೊಳಗೆ ಪ್ರತಿ ಮೇಜಿಗೂ ಹೊಸ ತಗಡಿನ ಅಚ್ಚು ಬಂತು.

ಕೂಲಿ ಬರಲಿಲ್ಲ. ಆ ಮೂವತ್ತಾರನ್ನು ಪುಸ್ತಕದಲ್ಲಿ 'ರದ್ದಿ' ಎಂದು ಬರೆದಾಗಿದೆಯಂತೆ, ತಿದ್ದಲು ಬರುವುದಿಲ್ಲವಂತೆ. ಅದೇ ರದ್ದಿಯನ್ನು ಆರಾರು ಸಾಲಾಗಿ ಕೂಡಿಸಿ, ಒಂದಡಿಯ ಕೌದಿ ಮಾಡಿಸಿ ಮಾಲೀಕ ತನ್ನ ಅಂಗಡಿಯ ಗಾಜಿನೊಳಗೆ ತೂಗುಹಾಕಿದ್ದಾನೆ. ಒಂದು ಮೂಲೆಯೂ ತಪ್ಪಿಲ್ಲ. ಕೆಲಸಕ್ಕೆ ಹೋಗುವಾಗ ಅತ್ತೆ ದಿನಾ ಅದರೆದುರು ನಿಂತು, ಗಲ್ಲಾದಲ್ಲಿ ಕೂತವನಿಗೆ ಕೇಳಿಸುವಂತೆ, "ನನ್ನ ರದ್ದಿ ಹೇಗಿದೆಯಪ್ಪಾ?" ಎನ್ನುತ್ತಾಳೆ.

ಆ ಗಾಜಿನ ಮುಂದೆ ನೀವೂ ನಿಂತಿದ್ದೀರಿ, ಚೆಂದ ಅಂದಿದ್ದೀರಿ. ಚೆಂದವನ್ನು ಕಟ್ಟಿಕೊಂಡು ಅವಳೇನು ಮಾಡಲಿ? ಒಳಗೆ ಹೋಗಿ. ಮೂವತ್ತಾರರ ಕೂಲಿ ಎಲ್ಲಿ ಎಂದು ಕೇಳಿ. ಕೊಡುವವರೆಗೆ ಬಾಗಿಲು ಬಿಟ್ಟು ಕದಲಬೇಡಿ.