ಕೆರೆಯ ಎರಡು ದಡ

ಮದುವೆಯಾಗಿ ಮೂವತ್ತು ವರ್ಷ ದಾಟಿದ ಮೇಲೆ ನನ್ನ ಗಂಡ ಪೂರ್ತಿಯಾಗಿ ಮನೆಗೆ ಬಂದರು. ಅಲ್ಲಿಯವರೆಗೆ ಅವರು ಸೌದಿಯ ದಮ್ಮಾಮಿನ ಒಂದು ಬಟ್ಟೆ ಅಂಗಡಿಯಲ್ಲಿ, ನಾನು ಮಂಗಳೂರಿನಲ್ಲಿ. ಎರಡು ವರ್ಷಕ್ಕೊಮ್ಮೆ ರಜೆ. ಬಂದರೆ ಮನೆ ತುಂಬ ನೆಂಟರು, ಮದುವೆ ಮನೆಗಳ ಓಡಾಟ. ಸೂಟ್‌ಕೇಸ್ ಬಿಚ್ಚುವುದರಲ್ಲಿ, ಮತ್ತೆ ಕಟ್ಟುವುದರಲ್ಲಿ ರಜೆ ಮುಗಿಯುತ್ತಿತ್ತು. ಹಾಗಾಗಿ ನಮ್ಮ ಸಂಸಾರ ನಡೆದದ್ದು ಹೆಚ್ಚಾಗಿ ಫೋನಿನಲ್ಲಿ. ಶುಕ್ರವಾರ ಜುಮಾ ನಮಾಜು ಮುಗಿಸಿ, ಊಟ ಮಾಡಿ ಅವರು ಫೋನ್ ಮಾಡಿದರೆ ಮಕ್ಕಳ ಮಾರ್ಕಿನಿಂದ ಹಿಡಿದು ಬಾವಿಯ ಪಂಪಿನವರೆಗೆ ಎಲ್ಲವೂ ಬರುತ್ತಿತ್ತು. ಜಗಳವಾಡಿದ್ದೂ ಅದರಲ್ಲೇ, ರಾಜಿಯಾದದ್ದೂ ಅದರಲ್ಲೇ.

ಈಗ ಮನುಷ್ಯ ಎದುರಿಗೇ ಕೂತಿದ್ದರೂ ಮಾತಿಲ್ಲ. ಶಕ್ತಿನಗರದ ನಮ್ಮ ಮನೆಯ ಸಿಟೌಟಿನಲ್ಲಿ ಪೇಪರ್ ಹಿಡಿದು ಕೂತರೆ ಕೇಳಿದ್ದಕ್ಕೆ "ಹೂಂ" ಎನ್ನುತ್ತಿದ್ದರು, ಅಷ್ಟೇ. ನನಗಾದರೂ ಎದುರು ಕೂತು ಏನು ಹೇಳುವುದೆಂದು ತೋಚುತ್ತಿರಲಿಲ್ಲ. ಅಷ್ಟರಲ್ಲಿ ಹಳೆಯ ಧಣಿಯ ಮಗ ದಮ್ಮಾಮಿನಿಂದ ಫೋನ್ ಮಾಡಿ, ಹೊಸ ಅಂಗಡಿ ತೆರೆಯುತ್ತಿದ್ದೇನೆ, ಇನ್ನೆರಡು ವರ್ಷ ಬಂದು ನೋಡಿಕೊಳ್ಳಿ ಎಂದ. ಇವರು ಯೋಚಿಸಿ ಹೇಳುತ್ತೇನೆಂದರು. ಹೋಗಬೇಡಿ ಎಂಬ ಮಾತು ಬಾಯಿಯವರೆಗೆ ಬಂದರೂ ಆಡಲಿಲ್ಲ. ಮನೆಯಲ್ಲಿ ಮನಸ್ಸಿಲ್ಲದವರನ್ನು ಹಿಡಿದಿಟ್ಟುಕೊಂಡು ಮಾಡುವುದಾದರೂ ಏನು ಎಂಬ ಬಿಗುಮಾನವೂ ನನಗಿತ್ತು.

ಡಾಕ್ಟರರು ಶುಗರಿಗೆ ನಡೆಯಿರಿ ಎಂದಿದ್ದರು, ಇಬ್ಬರಿಗೂ. ನಂತೂರಿನ ಕಡೆ ಎರಡು ದಿನ ನಡೆದು ಲಾರಿಗಳ ಧೂಳು ಕುಡಿದು ಸಾಕಾಯಿತು. ಮಗಳು ಉಪಾಯ ಹೇಳಿದಳು: "ವಾಮಂಜೂರಿನ ಆಚೆ ಕಾಡಿನ ಪಾರ್ಕ್ ಉಂಟಲ್ಲ ಉಮ್ಮಾ, ಅಲ್ಲಿ ಕೆರೆಗೆ ಒಂದು ಸುತ್ತು ಬನ್ನಿ. ಏರು ತಗ್ಗು ಎಂತ ಇಲ್ಲ." ನಮ್ಮ ಮನೆಮಾತು ಬ್ಯಾರಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಮೊದಲ ದಿನವೇ ಕಿರಿಕಿರಿ. ಬೋಟುಗಳನ್ನು ಕಟ್ಟುವ ಜಾಗದಲ್ಲಿ ದಾರಿ ಎರಡಾಗುತ್ತದೆ. ಕೆರೆಯನ್ನು ಎಡದಿಂದಲೂ ಸುತ್ತಬಹುದು, ಬಲದಿಂದಲೂ ಸುತ್ತಬಹುದು. ಇವರು ಎಡಕ್ಕೆ ಹೊರಟರು. ಬಲಕ್ಕೆ ನೆರಳುಂಟು ಎಂದೆ.

"ನೀನು ಬೇಕಾದಲ್ಲಿ ಹೋಗು ಮಾರಾಯ್ತಿ, ಸುತ್ತು ಒಂದೇ ಅಲ್ವಾ" ಎಂದು ನಡೆದೇಬಿಟ್ಟರು. ಅಂಗಡಿ ತೆರೆಯಲು ತಡವಾದವರ ನಡಿಗೆ ಅವರದು. ನಾನೂ ಮುಖ ಊದಿಸಿಕೊಂಡು ಬಲಕ್ಕೆ ತಿರುಗಿದೆ. ಗೇರುಮರಗಳ ಕೆಳಗೆ ಒಣಗಿದ ಎಲೆ ಮೆಟ್ಟುತ್ತ ಸ್ವಲ್ಪ ದೂರ ಹೋಗಿ ಕೂತಿದ್ದೆನಷ್ಟೇ, ಅವರ ಫೋನ್ ಬಂತು.

"ಎಲ್ಲಿಗೆ ಮುಟ್ಟಿದಿ?"

"ಒಂದು ಬೆಂಚು ಸಿಕ್ಕಿತು. ಕೂತಿದ್ದೇನೆ. ನೀವು?"

"ಇಲ್ಲಿ ಒಂದು ನೀರುಕಾಗೆ ರೆಕ್ಕೆ ಬಿಡಿಸಿ ಕೂತಿದೆ. ನಿನ್ನ ತಮ್ಮ ಫೋಟೋಕ್ಕೆ ನಿಲ್ತಾನಲ್ಲ, ಹಾಗೆಯೇ."

ನಾನು ನಕ್ಕೆ. ಅಲ್ಲಿಂದ ಕಟ್ಟೆ ಒಡೆದಂತೆ ಮಾತು. ಮನೆಯಲ್ಲಿ ತಿಂಗಳುಗಟ್ಟಲೆ ಆಡದ್ದನ್ನೆಲ್ಲ ಆಡಿದೆವು. ಮಗಳ ಅತ್ತೆಯ ಬಿಂಕ, ತಾರಸಿಯ ಸೋರಿಕೆ, ಅವರ ಮೊಣಕಾಲು, ನನ್ನ ನಿದ್ದೆ. ಮರಗಳು ತೆಳುವಾದಲ್ಲಿ ನೀರಿನಾಚೆ ಅವರ ಬಿಳಿ ಅಂಗಿ ಚಲಿಸುವುದು ಕಾಣುತ್ತಿತ್ತು. ಆಚೆ ತುದಿಯ ತಿರುವಿನಲ್ಲಿ ಎದುರಾದಾಗ ಮಾತ್ರ ಇಬ್ಬರೂ ಫೋನ್ ಇಳಿಸಿ, ಬಸ್ಸಿನಲ್ಲಿ ಮುಖ ನೋಡಿ ಗೊತ್ತಿದ್ದವರ ಹಾಗೆ ಒಂದು ನಗೆ ನಕ್ಕು ದಾಟಿಕೊಂಡೆವು. ಬೆನ್ನು ತಿರುಗಿದ್ದೇ ತಡ, ಫೋನ್ ಮತ್ತೆ ಬಂತು.

ಅದೇ ರೂಢಿಯಾಯಿತು. ಅವರು ಎಡಕ್ಕೆ, ನಾನು ಬಲಕ್ಕೆ, ನಡುವೆ ಕೆರೆ. ನನಗೆ ಅದೇ ಸುಖವಾಗಿತ್ತು. ಬೆಳಿಗ್ಗೆ ಚಪ್ಪಲಿ ಹಾಕುವಾಗಲೇ ಇವತ್ತು ಏನು ಹೇಳಬೇಕೆಂದು ಯೋಚಿಸುತ್ತಿದ್ದೆ. ದಮ್ಮಾಮಿನ ವಿಷಯವೊಂದನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರೇ ಎತ್ತಿದರು. ನಾನು ಬೆಂಚು ದಾಟಿದ್ದೆ.

"ಅವನಿಗೆ ಇವತ್ತು ಉತ್ತರ ಹೇಳ್ಬೇಕು" ಎಂದರು. ಆಮೇಲೆ, "ನಾನು ಹೋಗ್ಲಾ?"

ಈ ಪ್ರಶ್ನೆ ಹೊಸದಲ್ಲ. ಪ್ರತಿ ಸಲ ವೀಸಾ ಮುಗಿಯುವಾಗ ಅವರು ಕೇಳುತ್ತಿದ್ದರು, ಇನ್ನೆರಡು ವರ್ಷ ಇರಲಾ ಎಂದು. ಪ್ರತಿ ಸಲ ನಾನು "ನಿಮ್ಮಿಷ್ಟ" ಎನ್ನುತ್ತಿದ್ದೆ. ಮಕ್ಕಳ ಓದಿತ್ತು, ಮನೆ ಕಟ್ಟುವುದಿತ್ತು, ಬೇರೆ ಮಾತಿಗೆ ಜಾಗವಿರಲಿಲ್ಲ. ಈಗಲೂ ನಾಲಿಗೆಯ ತುದಿಗೆ ಬಂದದ್ದು ಅದೇ. ಆದರೆ ನೀರಿನಾಚೆ ನೋಡಿದರೆ ಬಿಳಿ ಅಂಗಿ ನಡೆಯುವುದನ್ನು ಬಿಟ್ಟು ನನ್ನ ಕಡೆಗೇ ತಿರುಗಿ ನಿಂತಿತ್ತು.

"ಬೇಡ" ಎಂದೆ.

ಆ ಕಡೆಯಿಂದ ಸದ್ದಿಲ್ಲ. ಕಿವಿಯಿಂದ ಫೋನ್ ತೆಗೆದು ನೋಡಿದರೆ ಮರಗಳ ನಡುವೆ ರೇಂಜೇ ಇಲ್ಲ. ನನ್ನ ಮಾತು ಮುಟ್ಟಿತೋ, ನಡುದಾರಿಯಲ್ಲೇ ಕಡಿಯಿತೋ ತಿಳಿಯಲಿಲ್ಲ. ನಾನು ಬಿರಬಿರನೆ ನಡೆದೆ. ಏದುಸಿರು ಬಂದರೂ ಬೆಂಚು ಹುಡುಕಲಿಲ್ಲ. ಆಚೆ ತುದಿಯ ತಿರುವಿನಲ್ಲಿ ಅವರು ಎದುರಾದರು.

"ಎಂತ ಹೇಳಿದಿ? ಕೇಳ್ಲಿಲ್ಲ" ಎಂದರು.

ಅವರ ಮುಖ ನೋಡಿಕೊಂಡು ಹೇಳಬೇಕಲ್ಲ, ಹೊಸ ಮದುಮಗಳಂತೆ ತಲೆಯ ಸೆರಗು ಸರಿಮಾಡಿಕೊಂಡೆ. "ಬೇಡ ಅಂತ ಹೇಳಿದೆ" ಎಂದೆ. "ನೀವು ಹೋಗುವುದು ನನಗೆ ಬೇಡ. ಯಾವತ್ತೂ ಬೇಡ ಇತ್ತು."

ಅವರು ಫೋನನ್ನು ಕಿಸೆಗೆ ಹಾಕಿ, ತಿರುಗಿ, ನನ್ನ ಪಕ್ಕದಲ್ಲಿ ಹೆಜ್ಜೆ ಹಾಕತೊಡಗಿದರು.

"ಇದು ನೀವು ಈಗ ಬಂದ ದಾರಿಯೇ ಅಲ್ವಾ?" ಎಂದೆ.

"ಒಬ್ಬನೇ ಬಂದದ್ದು ಲೆಕ್ಕಕ್ಕಿಲ್ಲ" ಎಂದರು, ಮತ್ತು ನನ್ನ ಉಸಿರು ಹದಕ್ಕೆ ಬರಲೆಂದು ನಡಿಗೆ ನಿಧಾನ ಮಾಡಿದರು.