ಗಡಿಯಾರ ನಿಲ್ಲಿಸುತ್ತಿದ್ದ ಡಾಕ್ಟರು

ಪುತ್ತೂರಿನ ನಮ್ಮ ಡಾಕ್ಟರು ಸ್ಟೆತಸ್ಕೋಪನ್ನು ಮೊದಲು ಅಂಗೈಯಲ್ಲಿ ಬಿಸಿ ಮಾಡಿಕೊಳ್ಳುತ್ತಿದ್ದರು. ಆಮೇಲೆ ಗೋಡೆ ಗಡಿಯಾರದ ಲೋಲಕವನ್ನು ಬೆರಳಿನಿಂದ ನಿಲ್ಲಿಸಿ, "ಸ್ವಲ್ಪ ಸುಮ್ಮನಿರಿ ಮಾರಾಯ್ರೆ, ಕೇಳ್ಬೇಕು" ಎನ್ನುತ್ತಿದ್ದರು.

ಮದ್ರಾಸಿನಲ್ಲಿ ಗಂಟಲಿನಿಂದ ಕೊಳವೆ ಇಳಿಸಿ ಹೊಟ್ಟೆ ನೋಡಿಸಿಕೊಂಡು ಬಂದ ನಮ್ಮತ್ತೆಗೆ ಜ್ವರ ಬಿಡಲೇ ಇಲ್ಲ. ನಾವೆಲ್ಲ ಮಲೇರಿಯ ಎಂದುಕೊಂಡೆವು. ಡಾಕ್ಟರು ಬಹಳ ಹೊತ್ತು ಎದೆಗೆ ಕಿವಿಗೊಟ್ಟರು.

"ಸಣ್ಣದಿರುವಾಗ ಗಂಟುನೋವಿನ ಜ್ವರ ಬಂದದ್ದುಂಟಾ ಅಮ್ಮ?"

"ಉಂಟು. ಅದಕ್ಕೂ ಇದಕ್ಕೂ ಎಂತ?"

"ಆಗಲೇ ಹೃದಯದ ಕವಾಟ ಕೆಟ್ಟಿದೆ. ಕೊಳವೆ ಹಾಕಿದಾಗ ರಕ್ತಕ್ಕೆ ಸೇರಿದ ನಂಜು ಈಗ ಅಲ್ಲಿ ಕೂತಿದೆ. ಅಪರೂಪಕ್ಕೆ ಹೀಗೆ ಆಗುದುಂಟು. ಬಿಟ್ರೆ ಜೀವಕ್ಕೇ ಅಪಾಯ. ಪೆನಿಸಿಲಿನ್ ಕೊಡುವ, ಗುಣ ಆಗ್ತದೆ."

ವಾರಗಟ್ಟಲೆ ಇಂಜೆಕ್ಷನ್ ಚುಚ್ಚಿಸಿಕೊಂಡು ಅತ್ತೆ ಎದ್ದು ಕೂತರು. ಮುಂದೊಮ್ಮೆ ಡಾಕ್ಟರ ಬೆರಳು ಲೋಲಕದ ಕಡೆ ಹೋದಾಗ ನಕ್ಕರು: "ಅದನ್ನು ನಿಲ್ಲಿಸಿಯೇ ಅಲ್ವಾ ಡಾಕ್ಟ್ರೆ, ನೀವು ನನ್ನ ಎದೆಯದ್ದನ್ನು ಓಡಿಸಿದ್ದು!"